ಅಂಚಿನ ಮೇಲಿನ ಹೆಸರು

ನಮ್ಮ ನಾನಿಯ ಟ್ರಂಕಿನಲ್ಲಿ ಎರಡು ಬಿಲ್ಲೆಗಳಿದ್ದವು ಎಂಬ ಮಾತನ್ನು ಕೇಳುತ್ತ ಬೆಳೆದೆ. ಕಣ್ಣಾರೆ ಮಾತ್ರ ಅವನ್ನು ಕಂಡಿಲ್ಲ. ಅವಳು ಅವನ್ನು ‘ಬಸ್ರೆ ಕೇ ಬಿಲ್ಲೆ’ ಎನ್ನುತ್ತಿದ್ದಳು. ಅವಳ ಅಪ್ಪ ಬೆಳಗಾವಿಯಲ್ಲಿ ಭರ್ತಿಯಾಗಿ, ಮುಂಬೈಯಲ್ಲಿ ಹಡಗು ಹತ್ತಿ, ಮೊದಲ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋಗಿ, ಜೀವಂತ ಮರಳಿ ಉಗಾರ ಖುರ್ದಕ್ಕೆ ಬಂದು, ಉಳಿದ ಆಯುಷ್ಯವನ್ನು ಕೃಷ್ಣೆಯ ದಂಡೆಯ ಎರಿಹೊಲದಲ್ಲಿ ಕಳೆದನಂತೆ. ಬೆಳ್ಳಿಯ ಬಿಲ್ಲೆ ನಮ್ಮ ದೊಡ್ಡ ಖಾಲಾನ ಮದುವೆಯ ಹೊತ್ತಿಗೆ ಮೀರಜಿನ ಸರಾಫನ ತಕ್ಕಡಿ ಏರಿ ಕಾಲ್ಗೆಜ್ಜೆಯಾಯಿತು. ಕಂಚಿನದನ್ನು ಪಾತ್ರೆ ಮಾರುವವನಿಗೆ ಕೊಟ್ಟು ಒಂದು ಸ್ಟೀಲಿನ ಡಬರಿ ತಗೊಂಡರು. ನಾನಿಗೆ ಇದರ ಬಗ್ಗೆ ದುಃಖವೇನೂ ಇದ್ದಂತಿರಲಿಲ್ಲ. ಆ ಡಬರಿಯಲ್ಲಿ ಅಕ್ಕಿ ಅಳೆಯುವಾಗ ‘ಇದು ನಮ್ಮಪ್ಪಂದು’ ಎಂದು ಹೇಳುತ್ತಿದ್ದಳು, ಅಷ್ಟೆ. ಡಬರಿ ಈಗಲೂ ನಮ್ಮ ಮನೆಯಲ್ಲಿದೆ.

ಈ ಕತೆಯನ್ನು ಮರೆತೇಬಿಟ್ಟಿದ್ದ ನನಗೆ ಅದು ಮತ್ತೆ ನೆನಪಾದದ್ದು ಕೆಲವು ವರ್ಷಗಳ ಹಿಂದೆ, ಹಳೆಯ ಸಾಮಾನಿನ ಒಂದು ಅಂಗಡಿಯಲ್ಲಿ. ಊರು, ಅಂಗಡಿಯ ಹೆಸರು ಬೇಡ. ಗ್ರಾಮಾಫೋನಿನ ಸೊಂಡಿಲು, ಹಿತ್ತಾಳೆಯ ಸಮೆ, ಕೀಲಿ ಕಳೆದುಹೋದ ಗಡಿಯಾರಗಳ ನಡುವೆ ಮಿಲಿಟರಿ ಸಾಮಾನಿನದೇ ಒಂದು ಮೂಲೆಯಿತ್ತು. ತಗ್ಗುಬಿದ್ದ ಹೆಲ್ಮೆಟ್ಟು, ನೀರಿನ ಕ್ಯಾನು, ಮದ್ದಿನ ಪೆಟ್ಟಿಗೆ, ಟೊಪ್ಪಿಗೆಯ ಬಿಲ್ಲೆ, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಪದಕಗಳು. ಒಂದನ್ನು ಎತ್ತಿ ಅಂಚನ್ನು ಬೆಳಕಿಗೆ ಹಿಡಿದೆ. ನಂಬರು, ‘ಸಿಪಾಯಿ’ ಎಂಬುದರ ಇಂಗ್ಲಿಷ್ ಸಂಕ್ಷೇಪ, ಒಂದು ಮುಸಲ್ಮಾನ ಹೆಸರು, ಮರಾಠಾ ಪಲ್ಟನ್ನಿನ ಹೆಸರು. ನಮ್ಮ ಮುತ್ತಜ್ಜನ ಹೆಸರಲ್ಲ. ಬೆಲೆ ಕೇಳಿದೆ. ಅಂಗಡಿಯವರು ಬಹಳ ಸಭ್ಯರು. ಚಹಾ ತರಿಸಿ, ವ್ಯಾಪಾರದ ಗುಟ್ಟನ್ನು ಮುಚ್ಚುಮರೆಯಿಲ್ಲದೆ ಬಿಡಿಸಿ ಹೇಳಿದರು: ‘ಹೆಸರ ಇದ್ರ ರೇಟ ಜಾಸ್ತಿರಿ. ಆದ್ರ ಇಂಥಾ ಹೆಸರಿಗೆ ರೇಟ ಇಲ್ಲ.’

ಮಹಾಯುದ್ಧಗಳ ನೆನಪಿನ ವಸ್ತುಗಳನ್ನು ಕೂಡಿಡುವ ಮತ್ತು ಮಾರುವ ಲೋಕವನ್ನು ಕುರಿತು ಆಮೇಲೆ ನಾನು ಏನೆಲ್ಲ ಓದಿದರೂ, ಇಷ್ಟು ಖಚಿತವಾದ ವಿಮರ್ಶಾ ವಾಕ್ಯ ಇನ್ನೊಂದು ಸಿಕ್ಕಲಿಲ್ಲ. ಹೆಸರಿಗೆ ಬೆಲೆಯಿದೆ, ಇಂಥ ಹೆಸರಿಗೆ ಇಲ್ಲ. ಇದರ ಅರ್ಥ ಏನೆಂದು ನೋಡಬೇಕಾದರೆ ಮೊದಲು ಆ ಪದಕವನ್ನೇ ಒಂದು ಪಠ್ಯದಂತೆ ಓದಬೇಕು.

ಮೊದಲ ಯುದ್ಧದಲ್ಲಿ ಸಾಮಾನ್ಯ ಸಿಪಾಯಿಗೆ ಸಿಕ್ಕದ್ದು ಹೆಚ್ಚೆಂದರೆ ಮೂರು. 1914-15ರ ಕಂಚಿನ ನಕ್ಷತ್ರ, ಬೆಳ್ಳಿಯ ಬ್ರಿಟಿಷ್ ಯುದ್ಧಪದಕ, ಕಾಮನಬಿಲ್ಲಿನ ಬಣ್ಣದ ಪಟ್ಟಿಗೆ ತೂಗುಬಿಟ್ಟ ಕಂಚಿನ ವಿಜಯಪದಕ. ಇಂಗ್ಲೆಂಡಿನ ಜನ ಈ ಮೂರಕ್ಕೂ ಪತ್ರಿಕೆಯ ವ್ಯಂಗ್ಯಚಿತ್ರದ ನಾಯಿ, ಪೆಂಗ್ವಿನ್ ಮತ್ತು ಮೊಲದ ಹೆಸರಿಟ್ಟು ‘ಪಿಪ್, ಸ್ಕ್ವೀಕ್, ವಿಲ್ಫ್ರೆಡ್’ ಎಂದು ಮುದ್ದಿನಿಂದ ಕರೆದರು. ಬೆಳ್ಳಿಯದರ ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ, ಇನ್ನೊಂದರಲ್ಲಿ ಬತ್ತಲೆ ಕುದುರೆ ಸವಾರ, ಅವನ ಕುದುರೆಯ ಕಾಲಡಿ ಶತ್ರುವಿನ ಗುರಾಣಿ ಮತ್ತು ತಲೆಬುರುಡೆ. ಕಂಚಿನದರಲ್ಲಿ ರೆಕ್ಕೆಯ ವಿಜಯದೇವತೆ, ಹಿಂದೆ ಇದು ನಾಗರಿಕತೆಗಾಗಿ ನಡೆದ ಮಹಾಯುದ್ಧ ಎಂಬ ಇಂಗ್ಲಿಷ್ ಬರಹ. ಇದೇ ಸರಕಾರ 1911ರಲ್ಲಿ ರೂಪಾಯಿ ನಾಣ್ಯದ ಮೇಲೆ ದೊರೆಯ ಕೊರಳಹಾರದ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂಬ ಗದ್ದಲಕ್ಕೆ ಅಂಜಿ ನಾಣ್ಯವನ್ನು ವಾಪಸು ಪಡೆದು ಕರಗಿಸಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಅದೇ ಪ್ರಜೆಗಳ ಎದೆಗೆ ಬತ್ತಲೆ ಸವಾರನನ್ನು ತೂಗುಹಾಕಿತು. ಯಾರೂ ಗದ್ದಲ ಮಾಡಿದಂತಿಲ್ಲ. ನಾಣ್ಯ ಎಲ್ಲರ ಕೈಗೆ ಬರುತ್ತದೆ, ಪದಕ ಒಬ್ಬನ ಟ್ರಂಕು ಸೇರುತ್ತದೆ ಎಂಬುದೇ ಕಾರಣವಿರಬೇಕು.

ಮುಖದ ಮೇಲಿರುವ ಇವೆಲ್ಲವೂ ದೊರೆಯ ಮಾತುಗಳು. ಸಿಪಾಯಿಯದು ಅಂತ ಇರುವುದು ಅಂಚು ಮಾತ್ರ. ಕಾಳಿನಷ್ಟು ದಪ್ಪದ ಆ ಅಂಚಿನ ಮೇಲೆ ನಂಬರು, ಹುದ್ದೆ, ಹೆಸರು, ಪಲ್ಟನ್ನು ಒತ್ತಿದ್ದಾರೆ. ನಕ್ಷತ್ರಕ್ಕೆ ಅಂಚಿಲ್ಲವಾದ್ದರಿಂದ ಅದರ ಬೆನ್ನ ಮೇಲೆ. ಬೆಳ್ಳಿಯ ಪದಕಗಳು ಸುಮಾರು 65 ಲಕ್ಷ ತಯಾರಾದವು. ಚೀನಾ, ಮಾಲ್ಟಾ, ಭಾರತಗಳ ಕೂಲಿದಳದವರಿಗೆ ಅದೇ ಅಚ್ಚಿನ ಪದಕವನ್ನು ಕಂಚಿನಲ್ಲಿ ಹೊಯ್ದು ಕೊಟ್ಟರು, ಸುಮಾರು 1,10,000. ಅಂದರೆ ಹೇಸರಗತ್ತೆ ಹೊಡೆದವನು, ಹೊರೆ ಹೊತ್ತವನು ಅದೇ ಮರಳಿನಲ್ಲಿ ಸತ್ತರೂ ಲೋಹ ಬೇರೆ. ಈಗಿನ ಸಂಗ್ರಾಹಕರಿಗೆ ಈ ಕಂಚಿನ ಪದಕ ಅಪರೂಪದ್ದು ಎಂಬ ಕಾರಣಕ್ಕೇ ಪ್ರೀತಿ. ಆಗಿನ ಅವಮಾನ ಈಗಿನ ಮೌಲ್ಯವಾಗಿದೆ.

ಸತ್ತವರ ಮನೆಗೆ ಇನ್ನೊಂದು ವಸ್ತು ಬಂತು. ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ತಟ್ಟೆ, ಮೇಲೆ ಬ್ರಿಟಾನಿಯಾ ಮತ್ತು ಸಿಂಹ. ಇಂಗ್ಲಿಷರು ಅದನ್ನು ‘ಸತ್ತವನ ಪೆನ್ನಿ’ ಎಂದು ಕರೆದರು. ಸಾವಿನಲ್ಲಿ ಎಲ್ಲರೂ ಸಮಾನರು ಎಂದು ತೋರಿಸಲು ಅದರ ಮೇಲೆ ಹುದ್ದೆಯನ್ನು ಹಾಕದೆ ಬರೀ ಹೆಸರನ್ನು ಉಬ್ಬಿಸಿದ್ದರು. 13 ಲಕ್ಷಕ್ಕೂ ಹೆಚ್ಚು ಮಾಡಿದರು. ಹಿತ್ತಾಳೆ ತಾಮ್ರ ಕೊಳ್ಳುವ ಗುಜರಿಯವನಿಗೆ ಅಷ್ಟು ದೊಡ್ಡ ಕಂಚಿನ ತುಂಡು ಸಿಕ್ಕರೆ ಅದು ಮೊದಲು ಕಂಚು, ಆಮೇಲೆ ತಟ್ಟೆ, ಕೊನೆಗೆ ಯಾರದೋ ಮಗ.

ಈ ಕರಗುವ ಕತೆ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸೋದರರ ಸಟ್ಟಾ ವ್ಯಾಪಾರದಿಂದ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರಿನ ಹತ್ತಿರ ಏರಿದಾಗ ಬ್ರಿಟನ್ನಿನಲ್ಲೇ ರಾಶಿಗಟ್ಟಲೆ ಯುದ್ಧಪದಕಗಳು ಕುಲುಮೆ ಕಂಡವು. ಪದಕದ ತೂಕ ಮೂರು ತೊಲಕ್ಕೆ ಹತ್ತಿರ. ಅಪ್ಪನ ಶೌರ್ಯಕ್ಕೂ ಮೂರು ತೊಲ ಬೆಳ್ಳಿಗೂ ತಕ್ಕಡಿ ಹಿಡಿದಾಗ ಲಂಡನ್ನಿನ ಮಗನೂ ಉಗಾರದ ಮಗಳೂ ಒಂದೇ ರೀತಿ ಯೋಚಿಸಿದ್ದಾರೆ. ಆದ್ದರಿಂದ ಮಾರಿದವರ ಮೇಲೆ ನನಗೆ ಸಿಟ್ಟಿಲ್ಲ.

ಕೊಂಡವರ ಮೇಲೂ ಸಿಟ್ಟಾಗುವುದು ಸುಲಭವಲ್ಲ. ಸಂಗ್ರಾಹಕರನ್ನು ಹೆಣದ ಮೇಲಿನ ಅರಿವೆ ಸೆಳೆಯುವವರೆಂದು ಬಗೆಯುವ ಒಂದು ಧಾಟಿ ನಮ್ಮಲ್ಲಿದೆ. ಅದು ಪೂರ್ತಿ ನಿಜವಲ್ಲ. ಮನೆಯವರು ಕರಗಿಸಿದ್ದನ್ನು ಕರಗಗೊಡದೆ ಉಳಿಸಿದವರು ಅವರು. ಅಂಚಿನ ಹೆಸರನ್ನು ಭೂತಗನ್ನಡಿಯಲ್ಲಿ ಓದಿ, ಪಲ್ಟನ್ನಿನ ದಿನಚರಿ ಹುಡುಕಿ, ಆ ಮನುಷ್ಯ ಎಲ್ಲಿ ಗಾಯಗೊಂಡ, ಎಲ್ಲಿ ಸತ್ತ ಎಂದು ಪತ್ತೆಹಚ್ಚಿದವರೂ ಅವರಲ್ಲಿದ್ದಾರೆ. ಸರಕಾರಗಳು ಮಾಡದ ಕೆಲಸವನ್ನು ಹವ್ಯಾಸಿಗಳು ಮಾಡಿದ್ದಾರೆ. ಲಂಡನ್ನಿನ ಸ್ಪಿಂಕ್, ಹಿಂದೆ ಡಿಕ್ಸ್ ನೂನನ್ ವೆಬ್ ಎನಿಸಿಕೊಂಡಿದ್ದ ನೂನನ್ಸ್ ಮುಂತಾದ ಹರಾಜು ಮನೆಗಳ ಪಟ್ಟಿಗಳು ಇವತ್ತು ಒಂದು ಬಗೆಯ ಚರಿತ್ರೆಯ ಕೋಶಗಳೇ ಆಗಿವೆ. ನನ್ನ ತಕರಾರಿರುವುದು ಆ ಪಟ್ಟಿಗಳ ಗದ್ಯದ ಜೊತೆ.

ಅಂಥ ಒಂದು ಪಟ್ಟಿಯನ್ನು ಕತೆ ಬರೆಯುವವರು ಓದಿದರೆ ಎರಡು ಭಾಷೆಗಳು ಕಾಣುತ್ತವೆ. ಇಂಗ್ಲಿಷ್ ಅಧಿಕಾರಿಯ ಪದಕವಾದರೆ ಅವನು ಹುಟ್ಟಿದ ಊರು, ಓದಿದ ಶಾಲೆ, ಗಾಯದ ವಿವರ, ತಾಯಿಗೆ ಬರೆದ ಪತ್ರ, ಚಿತ್ರ, ಎರಡು ಪುಟ. ಭಾರತದ ಸಿಪಾಯಿಯದಾದರೆ ಬಹುಪಾಲು ಒಂದು ಸಾಲು. ಆ ಸಾಲಿನಲ್ಲಿ ಹೆಸರಿಗಿಂತ ಪದಕದ ಅಂಚಿಗೆ ಬಿದ್ದ ಪೆಟ್ಟು, ಸವೆತಗಳ ವರ್ಣನೆಗೇ ಹೆಚ್ಚು ಜಾಗ. ಎಷ್ಟೋ ಸಲ ಬೇರೆ ಬೇರೆ ಸಿಪಾಯಿಗಳ ನಾಲ್ಕಾರು ಪದಕಗಳನ್ನು ಒಟ್ಟಿಗೆ ಕಟ್ಟಿ ಒಂದೇ ಗಂಟಾಗಿ ಮಾರುತ್ತಾರೆ. ಮೂರು ಪದಕಗಳು ಒಟ್ಟಿಗಿದ್ದರೆ ಬೆಲೆ, ಮುರಿದರೆ ಇಲ್ಲ. ನಮ್ಮ ಕಡೆಯ ಬೆಳ್ಳಿಯದು ಸರಾಫನಿಗೂ ಕಂಚಿನದು ಪಾತ್ರೆಯವನಿಗೂ ಹೋದದ್ದರಿಂದ ನಮ್ಮವರದು ಹೆಚ್ಚಾಗಿ ಮುರಿದ ಜೋಡಿಯೇ. ಅಂಗಡಿಯವರ ಮಾತಿನ ಅರ್ಥ ಇಲ್ಲಿದೆ. ಹೆಸರಿಗೆ ಬೆಲೆ ಬರುವುದು ಹೆಸರಿನ ಹಿಂದೆ ಕತೆ ಇದ್ದಾಗ. ಕತೆ ಇರುವುದು ಕಾಗದ ಉಳಿದಾಗ. ‘ಇಂಥಾ ಹೆಸರಿನ’ ಕಾಗದ ಉಳಿದಿಲ್ಲ.

ಈ ಪಟ್ಟಿಗಳಲ್ಲಿ ಒಂದು ಮಾತು ಮಾತ್ರ ಸಿಪಾಯಿಯ ಬೆಲೆಯನ್ನೂ ಏರಿಸುತ್ತದೆ: ಕುತ್. ಟೈಗ್ರಿಸ್ ದಂಡೆಯ ಕುತ್ ಅಲ್ ಅಮಾರಾದಲ್ಲಿ ಜನರಲ್ ಟೌನ್‌ಶೆಂಡನ ಸೈನ್ಯವನ್ನು ತುರ್ಕರು 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿದ್ದರು. ಅದರಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳಿದ್ದವು. ಹೆಸರಿಗೆ ಮರಾಠಾ ಆದರೂ ಆ ಕಾಲದ ಇಂಥ ಪಲ್ಟನ್ನುಗಳಲ್ಲಿ ದಖನಿ ಮುಸಲ್ಮಾನರ ಕಂಪನಿಗಳೂ ಇರುತ್ತಿದ್ದವು. ಕೃಷ್ಣಾ, ಪಂಚಗಂಗೆ, ಘಟಪ್ರಭೆಯ ಸೀಮೆಯಿಂದ ಹೋದವರಿಗೆ ಅವೇ ಹತ್ತಿರದ ಪಲ್ಟನ್ನುಗಳು. ಅನ್ನ ಮುಗಿದಾಗ ಕುದುರೆ ಮಾಂಸ ತಿನ್ನಿರೆಂದರು. ಧರ್ಮಗುರುಗಳ ಅನುಮತಿ ತರಿಸಿದರೂ ಬಹಳ ಜನ ಸಿಪಾಯಿಗಳು ಕೊನೆಕೊನೆಯವರೆಗೆ ಮುಟ್ಟಲಿಲ್ಲ. ಶರಣಾದ ಸುಮಾರು 13,000 ಜನರನ್ನು ಮರುಭೂಮಿ ದಾಟಿಸಿ ಅನಟೋಲಿಯಾದ ಕಡೆ ನಡೆಸಿದರು. ದಾರಿಯುದ್ದಕ್ಕೂ ಸತ್ತರು. ಈಗ ಪಟ್ಟಿಯಲ್ಲಿ ‘ಕುತ್‌ನ ಸೆರೆಯಾಳು’ ಎಂಬ ಮಾತು ಬಂದರೆ ಕೂಗು ಏರುತ್ತದೆ. ಹಸಿವಿಗೆ ಬೆಲೆ ಕಟ್ಟಿದ್ದಾರೆ ಎಂದು ಬರೆದರೆ ಭಾವುಕತೆಯಾದೀತು. ಆದರೆ ಇಡೀ ವ್ಯಾಪಾರದ ಒಳನಿಯಮ ಅದೇ ಆಗಿದೆ. ಸೈನಿಕನಿಗೆ ಎಷ್ಟು ಕೆಟ್ಟದಾಯಿತೋ ವಸ್ತುವಿಗೆ ಅಷ್ಟು ಒಳ್ಳೆಯದು.

ಇಷ್ಟಕ್ಕೂ ಆ ಬಿಲ್ಲೆಗಳು ನಮ್ಮ ಮನೆಗಳಿಂದ ಅಷ್ಟು ಸಲೀಸಾಗಿ ಹೊರಬಿದ್ದದ್ದು ಬಡತನದಿಂದ ಮಾತ್ರವೇ? ನನಗೆ ಹಾಗನಿಸುವುದಿಲ್ಲ. ಬಡತನ ಒಂದು ಕಾರಣ, ಮುಜುಗರ ಇನ್ನೊಂದು. ಬಸ್ರಾ, ಬಗ್ದಾದು, ಕರ್ಬಲಾಗಳ ಹೆಸರು ಮೊಹರಮ್ಮಿನ ಹಾಡಿನಲ್ಲಿ ಕೇಳಿ ಬೆಳೆದವರು ಅಲ್ಲಿಗೆ ಬಂದೂಕು ಹಿಡಿದು ಹೋಗಿದ್ದರು. ಎದುರಿಗಿದ್ದವನು ಖಲೀಫನ ಸೈನಿಕ. ಇವರು ಮರಳಿ ಬರುವ ಹೊತ್ತಿಗೆ ದೇಶದಲ್ಲಿ ಖಿಲಾಫತ್ ಚಳವಳಿ ಎದ್ದಿತ್ತು. 1920ರ ಆಗಸ್ಟಿನಲ್ಲಿ ಗಾಂಧೀಜಿ ತಮಗೆ ಬಂದಿದ್ದ ಕೈಸರ್-ಎ-ಹಿಂದ್ ಪದಕವನ್ನೂ ಬೋಯರ್ ಮತ್ತು ಜುಲು ಯುದ್ಧಗಳ ಪದಕಗಳನ್ನೂ ಖಿಲಾಫತ್ ಮತ್ತು ಪಂಜಾಬಿನ ಅನ್ಯಾಯಗಳ ಕಾರಣ ಹೇಳಿ ವೈಸರಾಯರಿಗೆ ಹಿಂತಿರುಗಿಸಿದರು. 1924ರಲ್ಲಿ ಅದೇ ಗಾಂಧೀಜಿ ಬೆಳಗಾವಿಗೆ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಬಂದರು. ಆ ಅಧಿವೇಶನದ ಜನಸಾಗರದಲ್ಲಿ ಬಸ್ರಾದಿಂದ ಮರಳಿದವನೊಬ್ಬ ನಿಂತಿದ್ದರೆ ಅವನ ಎದೆಯ ಮೇಲೆ ಬಿಲ್ಲೆ ಇರುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಪದಕ ಹಿಂತಿರುಗಿಸುವುದು ದೊಡ್ಡವರಿಗೆ ಸಾಧ್ಯವಾಗುವ ಕೆಲಸ. ಪೆನ್ಷನ್ನಿನ ಮೇಲೆ ಮನೆ ನಡೆಸುವ ಸಿಪಾಯಿಗೆ ಇದ್ದದ್ದು ಟ್ರಂಕಿನ ತಳ. ಹೇಳಿಕೊಳ್ಳಲಾಗದ ವಸ್ತುವನ್ನು ಮುಂದಿನ ತಲೆಮಾರು ಕರಗಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಗಾಳಿ ತಿರುಗಿದೆ. 2014ರಿಂದ 2018ರವರೆಗೆ ಯುದ್ಧದ ಶತಮಾನ ಆಚರಣೆ ನಡೆದಾಗ ಮುಚ್ಚಿಟ್ಟದ್ದನ್ನು ತೆರೆಯುವ ಉತ್ಸಾಹ ಬಂತು. 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಗೆದ್ದ ಮೈಸೂರು ಮತ್ತು ಜೋಧಪುರ ಲ್ಯಾನ್ಸರುಗಳ ನೆನಪಿಗೆ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ 2018ರ ಜನವರಿಯಲ್ಲಿ ಹೈಫಾದ ಹೆಸರು ಸೇರಿತು. ಇಂಥ ಸ್ಮರಣೆ ತಪ್ಪಲ್ಲ. ಆದರೆ ಇದರ ಜೊತೆಗೇ ಒಂದು ಹೊಸ ಗಿರಾಕಿ ವರ್ಗ ಹುಟ್ಟಿಕೊಂಡಿದೆ. ತಮ್ಮ ಮನೆಯ ಬಿಲ್ಲೆಯನ್ನು ಹುಡುಕಿ ಫ್ರೇಮು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುವವರು, ಮನೆಯದು ಇಲ್ಲವಾದರೆ ಪೇಟೆಯಿಂದ ಕೊಂಡು ತೂಗುಹಾಕುವವರು. ನಮ್ಮವರಲ್ಲಿ ಕೆಲವರು ಇದನ್ನು ‘ನಾವೂ ಈ ದೇಶಕ್ಕಾಗಿ ಹೋರಾಡಿದವರು’ ಎಂಬುದರ ಸರ್ಟಿಫಿಕೇಟಿನಂತೆ ಬಳಸುವುದನ್ನು ಕಂಡು ನನಗೆ ಕಸಿವಿಸಿಯಾಗುತ್ತದೆ. ಆ ಮುತ್ತಜ್ಜ ಹೋದದ್ದು ತಿಂಗಳ ಸಂಬಳಕ್ಕೆ. ಹೋರಾಡಿದ್ದು ಇಂಗ್ಲಿಷರಿಗಾಗಿ. ಕೊಂದದ್ದು ಯಾರನ್ನೆಂದು ಅವನು ಮನೆಯಲ್ಲಿ ಹೇಳಲಿಲ್ಲ. ಅವನ ಮೌನವನ್ನು ನಮ್ಮ ಇವತ್ತಿನ ಭಯಕ್ಕೆ ಜಾಮೀನು ಮಾಡಿಕೊಳ್ಳುವುದು ಅವನನ್ನು ಎರಡನೆಯ ಸಲ ಭರ್ತಿ ಮಾಡಿದ ಹಾಗೆ.

ಹಾಗಾದರೆ ಅಂಚಿನ ಮೇಲಿನ ಹೆಸರಿಗೆ ಇಷ್ಟೇಕೆ ಮಹತ್ವ ಕೊಡಬೇಕು ಎಂದು ಓದುಗರು ಕೇಳಬಹುದು. ಇರಾಕಿನ ಬಸ್ರಾ ಸ್ಮಾರಕದಲ್ಲಿ ಅದಕ್ಕೆ ಉತ್ತರವಿದೆ. ಮೆಸೊಪೊಟೇಮಿಯಾದಲ್ಲಿ ಸತ್ತು ಗೋರಿ ಇಲ್ಲದೆ ಹೋದ 40,000ಕ್ಕೂ ಹೆಚ್ಚು ಜನರ ನೆನಪಿಗೆ 1929ರಲ್ಲಿ ಅದನ್ನು ಕಟ್ಟಿದರು. 1997ರಲ್ಲಿ ಸದ್ದಾಂ ಹುಸೇನನ ಆಜ್ಞೆಯಂತೆ ಇಡೀ ಸ್ಮಾರಕವನ್ನು ಕಿತ್ತು ನಾಸಿರಿಯಾ ರಸ್ತೆಗೆ ಸಾಗಿಸಲಾಯಿತು. ಅದರ ಗೋಡೆಯ ಮೇಲೆ ಬ್ರಿಟಿಷ್ ಸಿಪಾಯಿಗಳ ಹೆಸರುಗಳಿವೆ, ಭಾರತದ ಅಧಿಕಾರಿಗಳ ಹೆಸರುಗಳಿವೆ. ಭಾರತದ ಸಾಮಾನ್ಯ ಸಿಪಾಯಿಗಳ ಹೆಸರಿಲ್ಲ. ಪ್ರತಿ ಪಲ್ಟನ್ನಿನ ಕೆಳಗೆ ‘ಮತ್ತು ಇಷ್ಟು ಮಂದಿ ಇತರ ಭಾರತೀಯ ಸೈನಿಕರು’ ಎಂಬ ಸಂಖ್ಯೆ ಮಾತ್ರ. ಹಾಗೆ ಸಂಖ್ಯೆಯಾದವರು 30,000ಕ್ಕೂ ಮೇಲೆ. ಯುದ್ಧಗೋರಿಗಳ ಆಯೋಗವೇ ನೇಮಿಸಿದ ಸಮಿತಿ 2021ರ ಏಪ್ರಿಲಿನಲ್ಲಿ ಇದನ್ನು ಒಪ್ಪಿಕೊಂಡಿತು. ಏಷ್ಯಾ, ಆಫ್ರಿಕಾಗಳ 45,000ದಿಂದ 54,000 ಮೃತರನ್ನು ಅಸಮಾನವಾಗಿ ಸ್ಮರಿಸಲಾಗಿದೆ, ಕಡೇಪಕ್ಷ 1,16,000 ಜನರನ್ನು ಹೆಸರಿನಿಂದ ಸ್ಮರಿಸಿಲ್ಲ, ಪ್ರಾಯಶಃ ಸ್ಮರಿಸಿಯೇ ಇಲ್ಲ ಎಂದು ಅದರ ವರದಿ ಹೇಳಿತು. ಕಲ್ಲಿನ ಮೇಲೆ ಸಿಗದ ಹೆಸರು ಅದೇ ಸರಕಾರದ ಟಂಕಸಾಲೆಯಿಂದ ಕಂಚಿನ ಅಂಚಿನ ಮೇಲೆ ಒತ್ತಿಕೊಂಡು ಹೊರಬಂದಿತ್ತು. ಸತ್ತವನ ಹೆಸರು ಲೋಹದ ಮೇಲೆ ಉಳಿದದ್ದು ಅಲ್ಲಿ, ಮತ್ತು ಆ ತಟ್ಟೆಯ ಮೇಲೆ. ಕುಲುಮೆಗೆ ಹೋದದ್ದೂ ಅದೇ.

ಪಂಜಾಬಿಗೆ ಇನ್ನೊಂದು ದಾರಿ ತೆರೆದಿದೆ. ಲಾಹೋರ್ ಮ್ಯೂಸಿಯಮ್ಮಿನಲ್ಲಿ ಕೂತಿದ್ದ ಊರುವಾರು ದಫ್ತರಗಳು 2021ರಿಂದ ಎಲ್ಲರೂ ನೋಡುವಂತಾಗಿವೆ. ಸುಮಾರು 3,20,000 ಜನ ಸೈನಿಕರ ವಿವರ ಅಲ್ಲಿದೆ. ಜಲಂಧರದ ಮೊಮ್ಮಗಳು ತನ್ನ ಹಳ್ಳಿಯ ಹೆಸರು ಹಾಕಿ ಮುತ್ತಜ್ಜನನ್ನು ಹುಡುಕಬಹುದು. ಬೆಳಗಾವಿ, ಸಾತಾರಾ, ಕೊಲ್ಲಾಪುರದ ಸೀಮೆಯವರಿಗೆ ಅಂಥ ಪುಸ್ತಕ ಕೈಗೆ ಬಂದಿಲ್ಲವಾದ್ದರಿಂದ ನಮಗೆ ಆ ನಾಲ್ಕು ಮಾತುಗಳ ಅಂಚೇ ಗತಿ. ಎರಡನೆಯ ಯುದ್ಧದ ನಕ್ಷತ್ರಗಳದ್ದೂ ಇದೇ ಕತೆ. ಬ್ರಿಟನ್ನು ತನ್ನ ಸಿಪಾಯಿಗಳ ನಕ್ಷತ್ರಗಳ ಮೇಲೆ ಹೆಸರು ಒತ್ತಲಿಲ್ಲ. ಭಾರತದ ಸೈನ್ಯಕ್ಕೆ ಕೊಟ್ಟವುಗಳಲ್ಲಿ ಹೆಸರು ಕೊರೆದವು ಸಿಗುತ್ತವೆ. 1942ರಲ್ಲಿ ತೊಬ್ರುಕ್‌ನಲ್ಲಿ ಸೆರೆಸಿಕ್ಕ ಎರಡನೆಯ ಮರಾಠಾ ಬೆಟಾಲಿಯನ್ನಿನವನ ಆಫ್ರಿಕಾ ಸ್ಟಾರು ಗುಜರಿ ಅಂಗಡಿಯಲ್ಲಿ ಸಿಕ್ಕರೆ ಅವನ ಹೆಸರು ಓದಲು ಸಾಧ್ಯವಿದೆ. ಮಾರಲೇಬೇಕಾದವರು ಮಾರಲಿ. ಮಾರುವ ಮುಂಚೆ ಹುಣಸೆಹಣ್ಣು ಹಚ್ಚಿ ಉಜ್ಜದೆ, ಒಣ ಬಟ್ಟೆಯಲ್ಲಿ ಅಂಚು ಒರೆಸಿ, ನಂಬರಿನಿಂದ ಪಲ್ಟನ್ನಿನವರೆಗೆ ಇದ್ದದ್ದನ್ನು ಇದ್ದ ಹಾಗೆ ಒಂದು ನೋಟುಪುಸ್ತಕದಲ್ಲಿ ಇಳಿಸಿಕೊಂಡರೆ ಸಾಕು.

ಕಾನೂನಿನ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಬೇಕು. 1972ರ ಪ್ರಾಚ್ಯವಸ್ತು ಕಾಯ್ದೆ 100 ವರ್ಷ ದಾಟಿದ ಐತಿಹಾಸಿಕ ಆಸಕ್ತಿಯ ವಸ್ತುಗಳನ್ನೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ದಾಖಲೆಗಳನ್ನೂ ಪ್ರಾಚ್ಯವಸ್ತು ಎನ್ನುತ್ತದೆ. ಅಂಥವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಮೊದಲ ಯುದ್ಧದ ಪದಕಗಳು ಈಗ ಆ ವಯಸ್ಸನ್ನು ದಾಟಿವೆ. ಆದರೆ ಟಿಪ್ಪುವಿನ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋದಾಗ ಪತ್ರಿಕೆಗಳ ತುಂಬ ಚರ್ಚೆಯಾಗುವ ನಮ್ಮಲ್ಲಿ, ಲಕೋಟೆಯಲ್ಲಿ ಹೋಗಬಲ್ಲ ಒಂದು ಸಿಪಾಯಿ ಬಿಲ್ಲೆಗಾಗಿ ಯಾರು ತಲೆಕೆಡಿಸಿಕೊಳ್ಳುತ್ತಾರೆ? ಸುಲ್ತಾನನ ಲೋಹವೇ ಬೇರೆ. ನಕಲಿ ಮಾಲಿನ ಹಾವಳಿಯೂ ಇದೇ ನಿಯಮ ಪಾಲಿಸುತ್ತದೆ. ರೂರ್ಕಿಯಲ್ಲಿ ಹೊಸದಾಗಿ ಮಾಡಿದ ಹಿತ್ತಾಳೆಯ ದುರ್ಬೀನುಗಳಿಗೆ ಹಳೆಯ ಇಸವಿ ಕೊರೆದು ಪೇಟೆಗೆ ಬಿಡುತ್ತಾರೆ. ನೇತಾಜಿಯ ಆಜಾದ್ ಹಿಂದ್ ಪದಕಗಳನ್ನು ಮಾಡಿದ ವಿಯೆನ್ನಾದ ಸೌವಲ್ ಕಂಪನಿ ಯುದ್ಧ ಮುಗಿದ ಮೇಲೂ ಅದೇ ಅಚ್ಚಿನಿಂದ ಸಂಗ್ರಾಹಕರಿಗಾಗಿ ಮತ್ತೆ ಮತ್ತೆ ಹೊಡೆದು ಮಾರಿತು. ದಖನಿ ಮುಸಲ್ಮಾನನೊಬ್ಬನ ವಿಜಯಪದಕದ ನಕಲನ್ನು ಮಾತ್ರ ನಾನು ಎಲ್ಲಿಯೂ ಕಂಡಿಲ್ಲ. ಬೆಲೆಯಿಲ್ಲದ ಹೆಸರನ್ನು ಯಾರು ಯಾಕೆ ನಕಲು ಮಾಡಿಯಾರು? ಆ ಮಟ್ಟಿಗೆ ಅವು ಅಪ್ಪಟ.

ಲೋಹದ ಮಾತು ಇಷ್ಟು ಸಾಕು. ನಿಜವಾಗಿ ಹೋದದ್ದು ಕಾಗದ. ಈ ವ್ಯಾಪಾರದ ದೊಡ್ಡ ದೋಷ, ಅದು ಟ್ರಂಕಿನಿಂದ ಬಿಲ್ಲೆಯನ್ನು ಎತ್ತಿಕೊಂಡು ಕೆಳಗಿನ ಕಾಗದವನ್ನು ಬಿಟ್ಟುಹೋಗುತ್ತದೆ ಎಂಬುದು. ಗುಜರಿಯವರನ್ನು ದೂರಿ ಫಲವಿಲ್ಲ, ಅವರಿಗೆ ಉರ್ದು ಓದಲು ಬರುವುದಿಲ್ಲ. ಈಗ ಮನೆಯವರಿಗೂ ಬರುವುದಿಲ್ಲ. ಆ ಕಾಲದ ಸೈನ್ಯದಲ್ಲಿ ಉರ್ದುವೇ ವ್ಯವಹಾರದ ಭಾಷೆ, ಸಿಪಾಯಿಗಳು ಬರೆಸಿದ ಕಾಗದಗಳಲ್ಲಿ ಬಹಳಷ್ಟು ಉರ್ದುವಿನಲ್ಲಿದ್ದವು. ಫ್ರಾನ್ಸಿನಲ್ಲಿದ್ದ ಭಾರತೀಯ ಅಂಚೆಯ ಸೆನ್ಸಾರ್ ಕಚೇರಿ ಅವನ್ನು ತೆರೆದು ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಮೇಲಿನವರಿಗೆ ವರದಿ ಮಾಡುತ್ತಿತ್ತು. ಆ ಅನುವಾದದ ಚೂರುಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಡೇವಿಡ್ ಒಮಿಸ್ಸಿ 1999ರಲ್ಲಿ ಅವುಗಳಿಂದ ಒಂದು ಸಂಕಲನ ತಂದರು. ಎಂಥ ವಿಪರ್ಯಾಸ ನೋಡಿ. ಬೇಹುಗಾರಿಕೆ ಮಾಡಿದವರ ಅನುವಾದ ಉಳಿದಿದೆ. ಪ್ರೀತಿಯಿಂದ ಕಾಯ್ದಿಡಬೇಕಾದವರ ಮನೆಗಳಿಂದ ಮೂಲ ಮಾಯವಾಗಿದೆ. ಹಿಂದಿಗೆ ಚಂದ್ರಧರ ಶರ್ಮಾ ಗುಲೇರಿಯವರು 1915ರಲ್ಲೇ ಬರೆದ ‘ಉಸನೇ ಕಹಾ ಥಾ’ ಸಿಕ್ಕಿತು. ಇಂಗ್ಲಿಷಿಗೆ ಮುಲ್ಕ್‌ರಾಜ್ ಆನಂದರ ಕಾದಂಬರಿ ಸಿಕ್ಕಿತು. ನಾನು ಓದಿದ ಮಟ್ಟಿಗೆ ಕನ್ನಡದ ಕತೆಗಳಲ್ಲಿ ಮಹಾಯುದ್ಧ ಬರುವುದು ಹೆಚ್ಚಾಗಿ ರೇಷನ್ನು, ಸೀಮೆಎಣ್ಣೆ, ಕಾಳಸಂತೆಯ ರೂಪದಲ್ಲಿ. ಹಡಗು ಹತ್ತಿದವನು ಬರುವುದಿಲ್ಲ. ಅವನ ಕಾಗದ ಓದುವವರು ಕನ್ನಡ ಬರೆಯಲಿಲ್ಲ, ಕನ್ನಡ ಬರೆಯುವವರು ಅದನ್ನು ಓದಲಿಲ್ಲ. ಎರಡೂ ಲಿಪಿ ಕಲಿತ ನನ್ನಂಥವರು ಯಾವ ನೆಪ ಹೇಳಬೇಕು ಎಂದು ತಿಳಿಯದು.

ಸಂತನು ದಾಸ್ ಅವರು ಮಹಾಯುದ್ಧ ಮತ್ತು ಭಾರತದ ಕುರಿತು 2018ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಕನ್ನಡಕದ ಮಾತು ಬರುತ್ತದೆ. ಚಂದ್ರನಗರದ ಜೋಗೇನ್ ಸೇನ್ ಎಂಬ ತರುಣ ಇಂಗ್ಲೆಂಡಿನ ಲೀಡ್ಸ್‌ನ ಪಲ್ಟನ್ನು ಸೇರಿ 1916ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಸತ್ತ. ಅವನ ಒಡೆದ, ರಕ್ತದ ಕಲೆಯ ಕನ್ನಡಕ ಚಂದ್ರನಗರದ ಮ್ಯೂಸಿಯಮ್ಮಿನಲ್ಲಿದೆ. ತೂಕಕ್ಕೆ ಹಾಕಿದರೆ ಏನೂ ಬರದ ವಸ್ತು. ಮಾರದೆ ಊರಿನಲ್ಲೇ ಉಳಿದದ್ದರಿಂದ ಒಬ್ಬ ವಿದ್ವಾಂಸನ ಕಣ್ಣಿಗೆ ಬಿತ್ತು. ಬೆಳಗಾವಿಯ ಕ್ಯಾಂಪಿನಲ್ಲಿ ಮರಾಠಾ ರೆಜಿಮೆಂಟಿನದೂ ಒಂದು ಮ್ಯೂಸಿಯಂ ಇದೆ. ಆದರೆ ರೆಜಿಮೆಂಟಿನ ಮ್ಯೂಸಿಯಂ ರೆಜಿಮೆಂಟಿನ ಕತೆ ಹೇಳುತ್ತದೆ, ಇಟಲಿಯಲ್ಲಿ ವಿಕ್ಟೋರಿಯಾ ಕ್ರಾಸ್ ಗೆದ್ದ ಯಶವಂತ ಘಾಡಗೆ, ನಾಮದೇವ ಜಾಧವರ ಕತೆ ಹೇಳುತ್ತದೆ. ಹೇಳಬೇಕಾದದ್ದೇ. ಡಬರಿಯ ಕತೆ ಹೇಳುವುದು ಅದರ ಕೆಲಸವಲ್ಲ.

ನಮ್ಮ ಸೀಮೆಯಲ್ಲಿ ಟ್ರಂಕು ತೆರೆಯುವುದು ಮದುವೆಗೆ, ಇಲ್ಲವೆ ಮಹಾಪೂರಕ್ಕೆ. 2005ರಲ್ಲಿ, 2019ರಲ್ಲಿ, 2021ರಲ್ಲಿ ಕೃಷ್ಣೆ ಉಕ್ಕಿದಾಗ ದಂಡೆಯ ಊರುಗಳಲ್ಲಿ ಕಾಗದ ಎನ್ನುವುದೆಲ್ಲ ಕೆಸರಾಯಿತು. ನೀರು ಇಳಿದ ಮೇಲೆ ನೆನೆದ ಸಾಮಾನು ಕೊಳ್ಳಲು ಗಾಡಿಗಳು ಬಂದವು. ಈ ಲೇಖನಕ್ಕೆ ಕುಳಿತ ಹೊತ್ತಿನಲ್ಲೇ ನಮ್ಮ ಓಣಿಯ ಒಬ್ಬ ಹಿರಿಯರು, ‘ನಿಮಗ ಉರ್ದು ಬರತೈತಲ್ಲ, ಇದನ್ನಷ್ಟ ಓದಿ ಹೇಳ್ರಿ’ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕಾರ್ಡು ತಂದರು. ಫೀಲ್ಡ್ ಪೋಸ್ಟ್ ಆಫೀಸಿನ ಮಸುಕಾದ ಮುದ್ರೆ. ಒಳಗೆ ಸಲಾಮುಗಳ ದೊಡ್ಡ ಪಟ್ಟಿ, ತಾಯಿಗೆ, ದೊಡ್ಡಪ್ಪಂದಿರಿಗೆ, ಓಣಿಯ ಹಿರಿಯರಿಗೆ, ಪಾಟೀಲರ ಮನೆಯವರಿಗೆ. ಆಮೇಲೆ ಮಳೆ ಹೇಗಿದೆ, ಎಮ್ಮೆ ಈಯಿತೇ, ಕಳಿಸಿದ ಮನಿಯಾರ್ಡರು ಮುಟ್ಟಿತೇ ಎಂಬ ಪ್ರಶ್ನೆಗಳು. ಯುದ್ಧದ ಬಗ್ಗೆ ಒಂದಕ್ಷರವಿಲ್ಲ. ವಿಳಾಸದಲ್ಲಿ ಊರಿನ ಹೆಸರು ಸ್ಪಷ್ಟವಾಗಿದೆ. ಬರೆಸಿದವನ ಹೆಸರಿರಬೇಕಾದ ಮೂಲೆಯನ್ನು ನೀರು ತಿಂದಿತ್ತು.

‘ಹೆಸರ ಏನೈತಿ?’ ಎಂದರು. ಓದಲಿಕ್ಕೆ ಆಗುವುದಿಲ್ಲ ಎಂದೆ. ಬಿಲ್ಲೆ ಏನಾದರೂ ಇತ್ತೇ, ಅದರ ಅಂಚಿನ ಮೇಲೆ ಬರೆದಿರುತ್ತಾರೆ ಎಂದು ಕೇಳಿದೆ. ಇತ್ತಂತೆ. ಮಹಾಪೂರದ ಮರುವರ್ಷ ಗಾಡಿಯವನಿಗೆ ಕೊಟ್ಟರಂತೆ, ಬೇರೆ ಹಿತ್ತಾಳೆಯ ಜೊತೆ, ಕಿಲೋದ ಲೆಕ್ಕದಲ್ಲಿ. ಕಾರ್ಡಿನಲ್ಲಿದ್ದ ಸಲಾಮುಗಳನ್ನೆಲ್ಲ ಒಂದೊಂದಾಗಿ ಕನ್ನಡದಲ್ಲಿ ಬರೆದುಕೊಟ್ಟೆ. ಅವರು ಆ ಹೆಸರುಗಳಲ್ಲಿ ಇಬ್ಬರ ಗುರುತು ಹಿಡಿದರು.